ಏನ್ ಕಲಿಯಾಕತ್ತೀಪಾ?

ಕುಷ್ಟಗಿಯಿಂದ ಕೊಪ್ಪಳಕ್ಕೆ ಹೊರಟ ಬೆಳಗಿನ ಬಸ್ಸಿನಲ್ಲಿ ಕಾಲೇಜು ಹುಡುಗನ ಪಕ್ಕ ಹಿರಿಯರೊಬ್ಬರು ಬಂದು ಕೂತರೆ ಮಾತು ಹತ್ತಲು ಹೆಚ್ಚು ಹೊತ್ತು ಬೇಕಿಲ್ಲ. ‘ಯಾವೂರಪಾ ನಿಂದು?’, ‘ಯಾರ ಮಗಾ?’, ಆಮೇಲೆ ತಪ್ಪದೇ ‘ಏನ್ ಕಲಿಯಾಕತ್ತೀಪಾ?’ ಬಿಎಸ್ಸಿ ಅಂದರೆ ಅಷ್ಟಕ್ಕೇ ಬಿಡುವುದಿಲ್ಲ. ಯಾವ ವಿಷಯ, ಮಾಸ್ತರು ಚಲೋ ಹೇಳ್ತಾರೇನು, ಮುಂದೇನು ಮಾಡಾಂವ ಎಂದು ಇಳಿಯುವ ತನಕ ಕೇಳುತ್ತಾರೆ. ಅದೇ ಹುಡುಗ ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ತನ್ನದೇ ವಯಸ್ಸಿನ ವಿದೇಶಿ ಪ್ರವಾಸಿಯನ್ನು ಕಂಡರೆ ‘ವಿಚ್ ಕಂಟ್ರಿ?’ ಎನ್ನುತ್ತಾನೆ, ಒಂದು ಸೆಲ್ಫಿ ತೆಗೆದುಕೊಳ್ಳುತ್ತಾನೆ, ಅಲ್ಲಿಗೆ ಮುಗಿಯಿತು. ಕನ್ನಡದಲ್ಲಿ ಅಷ್ಟು ಸಲೀಸಾಗಿ ಬರುವ ಪ್ರಶ್ನೆ ಇಂಗ್ಲಿಷಿನಲ್ಲಿ ಬಾಯಿಗೇ ಬರುವುದಿಲ್ಲ.

ಇದು ಹುಡುಗನ ದಡ್ಡತನವಲ್ಲ. ನಮ್ಮ ತರಗತಿಗಳಲ್ಲಿ ಪ್ರಶ್ನೆ ಕೇಳುವುದು ಮಾಸ್ತರರ ಕೆಲಸ, ಉತ್ತರ ಕೊಡುವುದು ಮಕ್ಕಳ ಕೆಲಸ. ಹತ್ತಾರು ವರ್ಷ ಇಂಗ್ಲಿಷ್ ಓದಿದ ಮೇಲೂ ಮಗುವಿಗೆ ತಾನಾಗಿ ಒಂದು ಪ್ರಶ್ನೆ ಕೇಳುವ ಸಂದರ್ಭ ಬಂದಿರುವುದೇ ಅಪರೂಪ. ‘ಮೈಸೆಲ್ಫ್’ ಎಂದು ಶುರುವಾಗುವ ಪರಿಚಯವನ್ನು ಕಂಠಪಾಠ ಮಾಡಿಸುತ್ತೇವೆ, ಎದುರಿಗಿದ್ದವರನ್ನು ವಿಚಾರಿಸುವುದನ್ನು ಕಲಿಸುವುದಿಲ್ಲ.

ಕೇಳಬೇಕಾದ್ದು ಬಹಳ ಸಣ್ಣ ಮಾತು: ‘ವಾಟ್ ಆರ್ ಯು ಸ್ಟಡಿಯಿಂಗ್?’ ಓದು ಮುಗಿಸಿದವರಾದರೆ ‘ವಾಟ್ ಡಿಡ್ ಯು ಸ್ಟಡಿ?’ ನಮ್ಮವರ ಬಾಯಲ್ಲಿ ಮೊದಲನೆಯದು ‘ವಾಟ್ ಯು ಆರ್ ಸ್ಟಡಿಯಿಂಗ್?’ ಆಗುವುದುಂಟು. ‘ಆರ್’ ಮುಂದಕ್ಕೆ ಬಂದರೆ ಸರಿಹೋಯಿತು, ಬರದಿದ್ದರೂ ಕೇಳಿದವರಿಗೆ ಅರ್ಥವಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ‘ವಾಟ್ ಡು ಯು ಡು?’ ಎಂದರೆ ಉದ್ಯೋಗ ಕೇಳಿದ ಹಾಗಾಗುತ್ತದೆ. ‘ವಿಚ್ ಕಾಂಬಿನೇಷನ್?’ ನಮ್ಮ ಪಿಯು ಕಾಲೇಜುಗಳಲ್ಲಿ ಸರಿ, ಹೊರದೇಶದವರಿಗೆ ತಲೆಬುಡ ತಿಳಿಯದು. ಅಮೆರಿಕದವರು ಪದವಿಯ ಮುಖ್ಯ ವಿಷಯಕ್ಕೆ ‘ಮೇಜರ್’ ಎನ್ನುತ್ತಾರೆ. ‘ವಾಟ್ಸ್ ಯುವರ್ ಮೇಜರ್?’ ಎಂದು ಅವರು ನಮ್ಮನ್ನೇ ಕೇಳಿದರೆ ಗಾಬರಿಯಾಗದಿರಲು ಇಷ್ಟು ಗೊತ್ತಿದ್ದರೆ ಸಾಕು.

ನನಗೆ ಸೇರದ ಪ್ರಶ್ನೆ ‘ವಾಟ್ ಈಸ್ ಯುವರ್ ಕ್ವಾಲಿಫಿಕೇಷನ್?’ ಅರ್ಜಿ ಫಾರ್ಮಿಗೆ, ಸಂದರ್ಶನದ ಕೋಣೆಗೆ ಅದು ತಕ್ಕದ್ದು. ಸಹಜ ಮಾತಿನ ನಡುವೆ ಬಂದಾಗ ಮಾತ್ರ ಎದುರಿಗಿದ್ದವರನ್ನು ತೂಕಕ್ಕಿಟ್ಟಂತೆ ಕೇಳಿಸುತ್ತದೆ. ‘ಜಸ್ಟ್ ಬಿ.ಎ. ಸರ್’ ಎಂದು ತಲೆ ತಗ್ಗಿಸುವ ಉತ್ತರ ಹುಟ್ಟುವುದೇ ಇಂಥ ಕಡೆ. ಆ ‘ಜಸ್ಟ್’ ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಯಲಬುರ್ಗಾದ ಮಳೆಯಾಶ್ರಿತ ಹೊಲದ ಮನೆಯಿಂದ ಕಾಲೇಜಿಗೆ ಬಂದ ಹುಡುಗಿ ಇತಿಹಾಸ ಓದುತ್ತಿದ್ದರೆ ಅದರಲ್ಲಿ ಸಣ್ಣದೇನಿದೆ? ಅವಳ ಜಿಲ್ಲಾಕೇಂದ್ರದ ಗವಿಮಠದ ಬೆಟ್ಟದ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನಗಳಿವೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನಲ್ಲಿ ನೂರಾರು ಶಿಲಾಸಮಾಧಿಗಳಿವೆ. ಆನೆಗೊಂದಿ ಅವಳದೇ ಜಿಲ್ಲೆಯದು. ಜಾರ್ಜ್ ಮಿಶೆಲ್, ಜಾನ್ ಫ್ರಿಟ್ಜ್ ಅವರಂಥ ವಿದ್ವಾಂಸರು ಸಾಗರ ದಾಟಿ ಬಂದು ಹೊಳೆಯಾಚೆಯ ಹಂಪಿಯಲ್ಲಿ ದಶಕಗಳ ಕಾಲ ಮಾಡಿದ್ದು ಇದೇ ವಿಷಯದ ಅಧ್ಯಯನ. ‘ವಾಟ್ ಆರ್ ಯು ಸ್ಟಡಿಯಿಂಗ್?’ ಎಂದು ಕೇಳಿ, ‘ಹಿಸ್ಟರಿ’ ಎಂದ ಮೇಲೆ ‘ವಾಟ್ ಡು ಯು ಲೈಕ್ ಅಬೌಟ್ ಇಟ್?’ ಎಂದು ಇನ್ನೊಂದು ಹೆಜ್ಜೆ ಮುಂದಿಟ್ಟರೆ ಆ ಹುಡುಗಿಗೆ ಹೇಳಲು ಬೇಕಾದಷ್ಟಿದೆ. ಮುನಿರಾಬಾದಿನ ತೋಟಗಾರಿಕೆ ಕಾಲೇಜಿನವರಿಗೆ ಕುಷ್ಟಗಿಯ ದಾಳಿಂಬೆಯ ಬಗ್ಗೆ, ಗಂಗಾವತಿಯಲ್ಲಿ ಕೃಷಿ ಓದುವವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಬಗ್ಗೆಯೂ ಅಷ್ಟೇ.

ಹೊಸ ಭಾಷೆಯಲ್ಲಿ ಕಲಿತು ಗೆಲ್ಲುವುದು ಈ ಸೀಮೆಗೆ ಹೊಸತಲ್ಲ. 1948ರ ತನಕ ಇದು ನಿಜಾಮರ ನಾಡು, ಓದು ಉರ್ದುವಿನಲ್ಲಿ. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದುವೇ. ಅದೇ ವರ್ಷ ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಆ ವಿಶ್ವವಿದ್ಯಾಲಯದಲ್ಲೇ ಓದಿದರು, ಐಎಎಸ್ ಅಧಿಕಾರಿಯಾದರು, ಕಾವ್ಯಾನಂದ ಎಂಬ ಹೆಸರಿನಲ್ಲಿ ಕನ್ನಡದ ಕವಿಯೂ ಆದರು. ಕಲಿತ ಭಾಷೆ ಬೇರೆಯಾಯಿತೆಂದು ಅವರ ಕನ್ನಡ ಬಡವಾಗಲಿಲ್ಲ. ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿದರೆ ನಮ್ಮ ಮಕ್ಕಳ ಕನ್ನಡವೂ ಎಲ್ಲಿಗೂ ಹೋಗುವುದಿಲ್ಲ.

2025ರಲ್ಲಿ ಕುಷ್ಟಗಿಗೆ ರೈಲು ಬಂದಿದೆ, ಹುಬ್ಬಳ್ಳಿ ಹತ್ತಿರವಾಗಿದೆ. ಅಲ್ಲಿಂದ ಬೆಂಗಳೂರು, ಪುಣೆ ಎಂದು ಹೊರಡುವ ಮಕ್ಕಳಿಗೆ ಹಾಸ್ಟೆಲಿನ ಮೊದಲ ರಾತ್ರಿ ಪಕ್ಕದ ಹಾಸಿಗೆಯವನ ಜೊತೆ ಮಾತು ಶುರುಮಾಡಲು ಈ ಒಂದು ಪ್ರಶ್ನೆ ಬೇಕು. ಅದಕ್ಕೆ ಕೋಚಿಂಗ್ ಸೆಂಟರಿನ ಫೀ ಕಟ್ಟಬೇಕಿಲ್ಲ. ಪದವಿ ಕಾಲೇಜಿನ ಇಂಗ್ಲಿಷ್ ಅಧ್ಯಾಪಕರು ವಾರಕ್ಕೊಮ್ಮೆ ಕೊನೆಯ ಹತ್ತು ನಿಮಿಷ ಬಿಟ್ಟುಕೊಡಲಿ. ಬಿ.ಎ. ತರಗತಿಯವರು ಬಿ.ಕಾಂ. ತರಗತಿಗೆ ಹೋಗಿ ಇಬ್ಬಿಬ್ಬರಾಗಿ ಕೂತು ಒಬ್ಬರನ್ನೊಬ್ಬರು ಕೇಳಲಿ: ಏನು ಓದುತ್ತೀ, ಅದರಲ್ಲಿ ನಿನಗೆ ಇಷ್ಟವಾದದ್ದೇನು, ಕಷ್ಟವಾದದ್ದೇನು. ವ್ಯಾಕರಣ ತಪ್ಪಿದರೆ ನಡುವೆ ಬಾಯಿ ಹಾಕದೆ ಮಾತು ಮುಗಿದ ಮೇಲೆ ತಿದ್ದಲಿ. ಮುಂದಿನ ವಾರ ಜೋಡಿ ಬದಲಾಗಲಿ, ಅಧ್ಯಾಪಕರನ್ನೂ ಮಕ್ಕಳು ಕೇಳಲಿ: ‘ಸರ್, ವಾಟ್ ಡಿಡ್ ಯು ಸ್ಟಡಿ?’