ಬೇಟೆಯ ಮಾತು, ಬೇಡನ ಭಕ್ತಿ

ಲೋಕದಲ್ಲಿ ಮನುಷ್ಯನು ಏಕಾಕಿಯಾಗಿ ಅನುಭವಿಸಿ ತೃಪ್ತನಾಗಬಲ್ಲ ಸುಖಗಳು ಕೆಲವೇ. ಗೆಲುವಿನ ಸುಖವಂತೂ ಕೇಳುವವನಿಲ್ಲದೆ ಅರ್ಧವಾಗಿಯೇ ಉಳಿಯುತ್ತದೆ. ಅದರಲ್ಲಿಯೂ ಬೇಟೆಗಾರನ ಗೆಲುವನ್ನು ಕೇಳಬೇಕೆ? ಕಾಡಿನ ನಟ್ಟನಡುವೆ, ಯಾರ ಕಣ್ಣಿಗೂ ಬೀಳದ ಎಡೆಯಲ್ಲಿ, ಕ್ಷಣಾರ್ಧದಲ್ಲಿ ನಡೆದುಹೋದ ಕಾರ್ಯಕ್ಕೆ ಅವನ ನಾಲಗೆಯೊಂದೇ ಸಾಕ್ಷಿ. ಹೊಡೆದ ಜಿಂಕೆಯ ಮಾಂಸವು ಎರಡು ದಿನದಲ್ಲಿ ತೀರಿದರೂ ಅದರ ಕಥೆಯು ಇಪ್ಪತ್ತು ವರ್ಷ ಜಗಲಿಯ ಮೇಲೆ ಬಾಳುತ್ತದೆ. ವರ್ಷ ಕಳೆದಂತೆ ಕೊಂಬು ಉದ್ದವಾಗುತ್ತದೆ, ಗುಂಡು ಹಾರಿದ ದೂರ ಹೆಚ್ಚುತ್ತದೆ, ಜೊತೆಯಲ್ಲಿದ್ದ ಗೆಳೆಯನ ಹೇಡಿತನವೂ ಹೆಚ್ಚುತ್ತದೆ!

ಮಾಂಸದ ಪ್ರಸಕ್ತಿಯೇ ಇಲ್ಲದ ಶಿವಭಕ್ತರ ಮನೆಗಳಲ್ಲಿ ಈ ಮಾತಿಗೇನು ಅವಕಾಶವೆಂದು ಸದ್ಭಕ್ತರು ಕೇಳಬಹುದು. ಕೊಲ್ಲುವವರು ಯಾವಾಗಲೂ ಕೆಲವರೇ. ಕೇಳಿ ತಲೆದೂಗುವವರು ಊರೆಲ್ಲ. ನಮ್ಮ ಮನೆಯ ಹುಡುಗನು ಕೋವಿ ಹಿಡಿಯದಿರಬಹುದು. ಗೆಳೆಯರೊಡನೆ ರಾತ್ರಿ ಹೊರಟು ಬ್ಯಾಟರಿಯ ಬೆಳಕು ಬಿಟ್ಟವನು ಅವನಾಗಿರಬಹುದು. ಹೋಗದೆ ಮನೆಯಲ್ಲಿಯೇ ಉಳಿದವನ ಮೊಬೈಲಿಗೆ ಸತ್ತ ಜಿಂಕೆಯ ಚಿತ್ರವು ಬಂದು ಬಿದ್ದಾಗ ‘ಭೇಷ್’ ಎಂದು ಮರುನುಡಿ ಕಳುಹಿಸಿದವನೂ ಅವನಾಗಿರಬಹುದು. ಬಾಯಲ್ಲಿ ಮಾಂಸವನ್ನಿಡದೆ ಕಿವಿಯಿಂದ ಅದನ್ನು ಸವಿಯುವುದು ಶೀಲಕ್ಕೆ ಒಪ್ಪುವುದೇ ಎಂಬುದು ವಿಚಾರಣೀಯವಾದುದು.

ಮೊದಲು ಬೇಟೆಗಾರನಿಗೆ ಸಲ್ಲಬೇಕಾದುದನ್ನು ಸಲ್ಲಿಸಿಬಿಡೋಣ. ಅವನ ವಿದ್ಯೆ ಸಾಮಾನ್ಯವಾದುದಲ್ಲ. ಗಾಳಿಯು ತನ್ನ ಕಡೆಯಿಂದ ಮೃಗದ ಕಡೆಗೆ ಬೀಸುತ್ತಿದ್ದರೆ ಅವನು ಹೆಜ್ಜೆ ಮುಂದಿಡನು. ಗೊರಸಿನ ಗುರುತಿನ ಅಂಚು ಚೂಪಾಗಿದೆಯೇ ಕುಸಿದಿದೆಯೇ, ಹಿಕ್ಕೆಯು ಹಸಿಯೋ ಒಣಗಿದುದೋ ಎಂಬುದನ್ನು ನೋಡಿಯೇ ಹಿಂಡು ಯಾವಾಗ ಹಾದುಹೋಯಿತೆಂದು ಹೇಳಬಲ್ಲನು. ಮರದ ಮೇಲಿನ ಮುಸುವಕ್ಕೂ ಕೆಳಗಿನ ಚುಕ್ಕೆ ಜಿಂಕೆಗೂ ಇರುವ ಸ್ನೇಹವನ್ನು ಅವನು ಬಲ್ಲನು: ಮುಸುವವು ತಿಂದು ಉದುರಿಸಿದ ಎಲೆ ಹಣ್ಣುಗಳನ್ನು ಜಿಂಕೆ ಮೇಯುತ್ತದೆ, ಹುಲಿಯ ಸುಳಿವು ಮೊದಲು ಯಾರಿಗೆ ಸಿಕ್ಕಿತೋ ಅವರು ಕೂಗಿ ಉಳಿದವರನ್ನು ಎಚ್ಚರಿಸುತ್ತಾರೆ. ಕಡವೆಯ ಕೂಗಿಗೂ ಕಾಡುಕುರಿಯ ಬೊಗಳಿಕೆಗೂ ಇರುವ ಭೇದವು ಅವನಿಗೆ ಅಕ್ಷರಾಭ್ಯಾಸದಷ್ಟು ಸಹಜ. ಎಲ್ಲಕ್ಕೂ ಮಿಗಿಲಾಗಿ, ಒಂದು ಜಾವ ಅಲುಗಾಡದೆ ಕುಳಿತಿರುವ ಶಕ್ತಿ! ಪೂಜೆಗೆ ಕುಳಿತು ಅರ್ಧ ಗಳಿಗೆಯೊಳಗೆ ಮೂರು ಬಾರಿ ಮಗ್ಗುಲು ಬದಲಿಸುವ ನಮ್ಮಂಥವರು ಅವನನ್ನು ಕಂಡು ನಾಚಬೇಕು.

ಪೂರ್ವಿಕರೂ ಇದನ್ನು ಅರಿಯದವರಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ರಾಜವ್ಯಸನಗಳನ್ನು ತೂಗಿ ನೋಡುವಾಗ, ಜೂಜಿಗಿಂತ ಬೇಟೆಯೇ ಕೆಟ್ಟದೆಂಬ ಪಿಶುನನ ಮತವನ್ನು ಒಪ್ಪುವುದಿಲ್ಲ. ಬೇಟೆಯಲ್ಲಿ ವ್ಯಾಯಾಮವುಂಟು, ಕೊಬ್ಬು ಕರಗುವುದು, ನಿಂತ ಗುರಿಗೂ ಓಡುವ ಗುರಿಗೂ ಕೈ ಪಳಗುವುದು, ಮೃಗಗಳ ಮನಸ್ಸು ತಿಳಿಯುವುದೆಂದು ವಾದಿಸುತ್ತಾನೆ. ಕಾಳಿದಾಸನ ಶಾಕುಂತಲದ ಎರಡನೆಯ ಅಂಕದಲ್ಲಿ ಸೇನಾಪತಿಯು ದುಷ್ಯಂತನ ಮುಂದೆ ಹೇಳುವ ಬೇಟೆಯ ಸ್ತುತಿಯೂ ಬಹುಮಟ್ಟಿಗೆ ಇದೇ. ಅಭಿನವ ಕಾಳಿದಾಸರೆನಿಸಿದ ಬಸವಪ್ಪ ಶಾಸ್ತ್ರಿಗಳು (1843–1891) ಕನ್ನಡಿಸಿದ ಈ ನಾಟಕವನ್ನು ಪಾಠ ಹೇಳುವಾಗ, ಹುಡುಗರು ಪ್ರತಿ ವರ್ಷವೂ ಸೇನಾಪತಿಯ ಪಕ್ಷವನ್ನೇ ವಹಿಸುವುದನ್ನು ನಾನು ಕಂಡಿದ್ದೇನೆ. ಮೈಕೈ ನೋವೆಂದು ಗೊಣಗುವ ವಿದೂಷಕನನ್ನು ಕಂಡರೆ ಅವರಿಗೆ ನಗು. ಆದರೆ ಮೊದಲನೆಯ ಅಂಕದಲ್ಲಿ, ರಥಕ್ಕೂ ಜಿಂಕೆಗೂ ನಡುವೆ ಕೈಯೆತ್ತಿ ನಿಂತ ತಪಸ್ವಿಗಳನ್ನು ನೆನಪಿಸಿದಾಗ ತರಗತಿಯು ಸುಮ್ಮನಾಗುತ್ತದೆ. ಆರ್ತರನ್ನು ಕಾಯುವುದಕ್ಕಾಗಿ ಇರುವ ಆಯುಧವನ್ನು ನಿರಪರಾಧಿಯ ಮೇಲೆ ಬಿಡಬಾರದೆಂದು ಅವರು ಹೇಳಿದೊಡನೆ ಚಕ್ರವರ್ತಿಯು ಬಾಣವನ್ನು ಇಳಿಸುತ್ತಾನೆ. ನಾಟಕವು ಮುಂದುವರಿಯುವುದೇ ಆ ಬಾಣವು ಇಳಿದುದರಿಂದ.

ಮನುವು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಮೃಗಯೆಯನ್ನೇ ಮೊದಲಿಗೆ ಇಟ್ಟಿದ್ದಾನೆ. ಆದರೆ ಶರಣರ ದೃಷ್ಟಿ ಇನ್ನೂ ಸೂಕ್ಷ್ಮವಾದುದು. ಅಂತರಂಗ ಬಹಿರಂಗಗಳ ಶುದ್ಧಿಗೆಂದು ಬಸವಣ್ಣನವರು ವಿಧಿಸಿದ ಏಳು ನಿಷೇಧಗಳನ್ನು ಬಲ್ಲದ ಭಕ್ತರಿಲ್ಲ. ಅವನ್ನು ಮುಂದಿಟ್ಟುಕೊಂಡು ಜಗಲಿಯ ಮೇಲಿನ ಒಂದು ಬೇಟೆಯ ಕಥೆಯನ್ನು ಪರೀಕ್ಷಿಸಿ ನೋಡಿರಿ. ಕಾಯ್ದ ಅಡವಿಯಿಂದ ಕದ್ದು ತಂದುದು ಕಳವು. ತಂದುದು ಕೊಲೆಯಿಂದ. ಕಥೆಯನ್ನು ಹಿಗ್ಗಿಸಿದುದು ಹುಸಿ. ಗೆಳೆಯನು ದೊಡ್ಡ ಕಡವೆಯನ್ನು ಹೊಡೆದನೆಂದು ಒಳಗೊಳಗೇ ಉರಿದುದು ಅಸಹನೆ. ‘ನನ್ನ ಗುರಿ ಎಂದೂ ತಪ್ಪಿಲ್ಲ’ ಎಂದುದು ಆತ್ಮಪ್ರಶಂಸೆ. ‘ಅವನ ಕೈ ನಡುಗಿತು’ ಎಂದುದು ಪರನಿಂದೆ. ಉಳಿದುದು ಕೋಪವೊಂದು. ಕಥೆಯ ನಡುವೆ ಯಾರಾದರೂ ‘ಸುಳ್ಳು’ ಎಂದುಬಿಟ್ಟರೆ ಅದೂ ಬರುತ್ತದೆ. ಹೀಗೆ ಒಂದು ಸಾಯಂಕಾಲದ ವಿನೋದದಲ್ಲಿ ಏಳು ಶೀಲಗಳೂ ಒಂದೊಂದಾಗಿ ಜಾರಿಹೋಗುತ್ತವೆ, ಮತ್ತು ಜಾರಿದುದು ಯಾರಿಗೂ ತಿಳಿಯುವುದಿಲ್ಲ. ಏಕೆಂದರೆ ಎಲ್ಲರೂ ನಗುತ್ತಿರುತ್ತಾರೆ. ಏಳರಲ್ಲಿ ಕೊಲೆಯನ್ನು ಒಂದಾಗಿಯೂ, ಮಾತಿನ ದೋಷಗಳನ್ನು ಹಲವಾಗಿಯೂ ಅವರು ಹೇಳಿದುದರ ಮರ್ಮವನ್ನು ಇಲ್ಲಿ ಕಾಣಬಹುದು.

ಹಾಗಾದರೆ ಬೇಟೆಯ ಗೆಲುವನ್ನು ಹೇಳಿಕೊಳ್ಳುವುದರಲ್ಲಿ ಹಿರಿಮೆಯೇ ಇಲ್ಲವೋ? ಕನ್ನಡನಾಡಿನಲ್ಲಿ ಅದಕ್ಕೊಂದು ಅಪೂರ್ವವಾದ ಸಾಕ್ಷ್ಯವುಂಟು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದ, ಕ್ರಿ. ಶ. 949–50ರ ಕಾಲದ ಶಿಲಾಶಾಸನವದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗನು ‘ಬೇಕಾದುದನ್ನು ಬೇಡು’ ಎಂದನಂತೆ. ಅವನು ಊರನ್ನಾಗಲಿ ಪದವಿಯನ್ನಾಗಲಿ ಬೇಡದೆ ಕಾಳಿ ಎಂಬ ನಾಯಿಯನ್ನು ಬೇಡಿಕೊಂಡನು. ಆ ಕಾಳಿಯನ್ನು ಬೆಳತೂರಿನ ಬೆಟ್ಟದ ಬಳಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಹೋರಾಡಿ ಜೊತೆಯಾಗಿ ಮಡಿದವು. ಮಣಲೇರನು ಕಲ್ಲನ್ನು ನಿಲ್ಲಿಸಿದುದು ನಾಯಿಗಾಗಿ. ಅದೂ ಶಿವಾಲಯದ ಮುಂದೆ. ಭೂಮಿಯನ್ನು ಬಿಟ್ಟು, ಆ ಕಲ್ಲನ್ನು ಪೂಜಿಸದೆ ಗೊರವನು ಉಣ್ಣಬಾರದೆಂದು ಕಟ್ಟಳೆಯನ್ನೂ ಮಾಡಿದನು. ಬೇಟೆ ನಡೆಸಿದವನು ತನ್ನ ಗುರಿಯನ್ನು ಹೊಗಳಿಕೊಳ್ಳದೆ ಸತ್ತ ನಾಯಿಗೆ ಸಾವಿರ ವರ್ಷದ ಕೀರ್ತಿಯನ್ನು ಬಿಟ್ಟುಕೊಟ್ಟನು. ಕೊಂದುದನ್ನು ನಾವು ಮೆಚ್ಚಬೇಕಾಗಿಲ್ಲ. ಕೀರ್ತಿಯನ್ನು ಹಂಚಿದ ಬಗೆಯನ್ನು ಮಾತ್ರ ಮೆಚ್ಚದಿರಲಾಗದು.

ಇನ್ನು ನಮ್ಮ ಕಣ್ಣಪ್ಪನ ವಿಷಯ. ಹರಿಹರನ ರಗಳೆಯಿಂದ ಕನ್ನಡಿಗರಿಗೂ, ಸೇಕ್ಕಿಳಾರರ ಪೆರಿಯಪುರಾಣದಿಂದ ತಮಿಳರಿಗೂ ಪ್ರಿಯನಾದ ಈ ಪುರಾತನನ ಕಥೆಯನ್ನು ನಾವು ಸಾಧಾರಣವಾಗಿ ಕಣ್ಣನ್ನು ಕಿತ್ತಿಟ್ಟ ಕಡೆಯ ಪ್ರಸಂಗದಿಂದಲೇ ನೆನೆಯುತ್ತೇವೆ. ಆದರೆ ಸೇಕ್ಕಿಳಾರರು ಹೇಳುವ ಕಥೆಯು ಪ್ರಾರಂಭವಾಗುವುದು ಗೆಳೆಯರ ಬೇಟೆಯಲ್ಲಿ. ಬೇಡರ ಒಡೆಯನ ಮಗನಾದ ತಿಣ್ಣನು ನಾಣ, ಕಾಡ ಎಂಬ ಇಬ್ಬರು ಸಂಗಡಿಗರೊಡನೆ ಹಂದಿಯೊಂದನ್ನು ಅಟ್ಟಿಕೊಂಡು ಬಹುದೂರ ಓಡಿ ಕೊನೆಗೆ ಅದನ್ನು ಕೆಡಹಿದನು. ಕಾಡನು ಹೊಳೆಯ ದಡದಲ್ಲಿ ಬೆಂಕಿ ಹೊತ್ತಿಸಲು ನಿಂತನು. ನಾಣನು ಮೇಲಿನ ಬೆಟ್ಟದಲ್ಲಿ ದೇವರಿರುವನೆಂದು ಹೇಳಿದನು. ತಿಣ್ಣನು ಏರಿ ಹೋಗಿ ನೋಡಿದನು, ಅಷ್ಟೆ. ಹಂದಿಯು ಮರೆಯಿತು, ಮನೆ ಮರೆಯಿತು. ಈ ದೇವರು ಕಾಡಿನಲ್ಲಿ ಒಬ್ಬನೇ ಇರುವನಲ್ಲಾ, ಹಸಿದಿರುವನಲ್ಲಾ ಎಂಬುದೊಂದೇ ಚಿಂತೆ ಉಳಿಯಿತು.

ಈಗ ಅವನ ಬೇಟೆಯ ವಿದ್ಯೆಯೆಲ್ಲವೂ ಎತ್ತ ಹರಿಯಿತೆಂಬುದನ್ನು ಗಮನಿಸಿರಿ. ಮಾಂಸವನ್ನು ಸುಡುವ ಹದವನ್ನು ಬಲ್ಲವನು ತುಂಡು ತುಂಡಾಗಿ ರುಚಿ ನೋಡಿ ಒಳ್ಳೆಯದನ್ನು ಎಲೆಯ ಮೇಲೆ ಆರಿಸಿಟ್ಟನು. ಕೈಯಲ್ಲಿ ಬಿಲ್ಲೂ ಎಲೆಯೂ ಇದ್ದುದರಿಂದ ನೀರನ್ನು ಬಾಯಲ್ಲಿ ತುಂಬಿಕೊಂಡನು, ಹೂವನ್ನು ಮುಡಿಯಲ್ಲಿ ಸಿಕ್ಕಿಸಿಕೊಂಡನು. ಕಾಡುಮೃಗಗಳು ಬಂದಾವೆಂದು ರಾತ್ರಿಯೆಲ್ಲ ಬಿಲ್ಲು ಹಿಡಿದು ನಿದ್ರೆಯಿಲ್ಲದೆ ಕಾದನು. ಆರನೆಯ ದಿನ ಲಿಂಗದ ಕಣ್ಣಿನಿಂದ ನೆತ್ತರು ಸುರಿದಾಗ ಮೊದಲು ಅವನು ಓಡಿದುದು ಗಿಡಮೂಲಿಕೆಗಾಗಿ. ಅದೂ ಬೇಡರ ವಿದ್ಯೆಯೇ. ಅದು ಫಲಿಸದಿದ್ದಾಗಲಷ್ಟೆ ಕಣ್ಣಿಗೆ ಕಣ್ಣೇ ಮದ್ದೆಂಬುದು ಹೊಳೆಯಿತು. ಹಂದಿಯನ್ನು ಕೆಡಹಿದೆನೆಂಬ ಬಿಂಕದ ಮಾತು ಅವನಲ್ಲಿಲ್ಲ. ದೇವರ ಮುಂದೆ ಅವನು ಆಡಿದುದು ರುಚಿಯ ಮಾತು, ಉಣ್ಣೆಂಬ ಮಾತು. ಊರಿಗೆ ಸುದ್ದಿ ಒಯ್ದವರು ಆ ಇಬ್ಬರು ಗೆಳೆಯರು. ಒಯ್ದ ಸುದ್ದಿಯಾದರೂ ಏನು? ತಿಣ್ಣನಿಗೆ ಮರುಳು ಹಿಡಿದಿದೆ ಎಂಬುದು! ಬೇಟೆಯ ಗೆಲುವನ್ನು ಬಣ್ಣಿಸಲು ಬಂದ ಬಾಯಿಗೆ ಬೇರೆ ಮಾತು ಸಿಕ್ಕಿರಲಾರದು.

ಕಣ್ಣಪ್ಪನ ಹೆಸರನ್ನು ಹೇಳಿ ಮಾಂಸಕ್ಕೆ ಸಮ್ಮತಿ ಪಡೆಯಹೊರಡುವ ಚತುರರೂ ಕೆಲವರುಂಟು. ಅಂಥವರು ಮೊದಲು ಕಣ್ಣನ್ನು ಕೊಡಲು ಸಿದ್ಧರಾಗಲಿ, ಚರ್ಚೆ ಆಮೇಲೆ.

ಇಂದಿನ ಪರಿಸ್ಥಿತಿಯಲ್ಲಿ ಇನ್ನೊಂದು ತೊಡಕುಂಟು. 1972ರ ವನ್ಯಜೀವಿ ಸಂರಕ್ಷಣಾ ಶಾಸನದಂತೆ ಬೇಟೆಯು ಅಪರಾಧ. ಕೊಲ್ಲುವುದಷ್ಟೇ ಅಲ್ಲ, ಬೆನ್ನಟ್ಟುವುದೂ ಹಿಡಿಯಲೆತ್ನಿಸುವುದೂ ಅದರಲ್ಲಿ ಸೇರಿವೆ. ಕೃಷ್ಣಮೃಗವನ್ನು ಕೊಂದವನಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆಮನೆ. ಆದರೆ ರಾಣೇಬೆನ್ನೂರಿನ ಸುತ್ತಿನ ರೈತನನ್ನು ಕೇಳಿರಿ. ಅಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವಾಯಿತು; ಮೃಗಗಳು ಬೆಳೆದವು, ಅವುಗಳಿಗೆ ಬೇಲಿಯು ತಿಳಿಯದು. ಎಳೆಯ ಪೈರನ್ನು ಹಿಂಡು ಮೇಯ್ದು ಹೋದ ಬೆಳಗ್ಗೆ ಹೊಲದ ಬದುವಿನಲ್ಲಿ ನಿಂತವನಿಗೆ ದಯೆಯ ಉಪನ್ಯಾಸವು ಕಹಿಯಾಗುವುದು ಸಹಜ. ಅವನ ನಷ್ಟವನ್ನು ಸರ್ಕಾರವು ತಡಮಾಡದೆ ತುಂಬಿಕೊಡಬೇಕು. ದಯೆಯ ವೆಚ್ಚವನ್ನೆಲ್ಲ ಬಡ ಒಕ್ಕಲಿಗನ ಮೇಲೆಯೇ ಹೊರಿಸಿ ಊರವರು ಪುಣ್ಯವನ್ನು ಹಂಚಿಕೊಳ್ಳುವುದು ನ್ಯಾಯವಲ್ಲ. ಅಂಥ ರೈತನೂ ಮಂಚಿಕೆಯ ಮೇಲೆ ಕುಳಿತು ಕೂಗಿ ಓಡಿಸುತ್ತಾನೆಯೇ ಹೊರತು ಕೊಂದು ಚಿತ್ರ ತೆಗೆಸಿಕೊಳ್ಳುವುದಿಲ್ಲ. ವಿನೋದಕ್ಕೆಂದು ಹೊರಟವರಿಗೆ ಅವನ ಹೊಟ್ಟೆಯುರಿಯ ನೆಪವೂ ಇಲ್ಲ.

ಬೇಟೆಯನ್ನು ಬಿಟ್ಟರೆ ಕಾಡಿನ ವಿದ್ಯೆಯು ಅಳಿದೀತೆಂಬ ಚಿಂತೆಯು ನಿಜವಾದುದೇ. ಹಿರಿಯರೊಡನೆ ಎಷ್ಟೋ ಅರಿವು ಮಣ್ಣಾಗುತ್ತಿದೆ. ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆಯವರು (1931–2011) ಕಾಡಿನಲ್ಲಿ ಹೊತ್ತು ತಿರುಗಿದುದು ಕ್ಯಾಮೆರಾವನ್ನು. ಗಾಳಿಯ ದಿಕ್ಕು, ಹೆಜ್ಜೆಯ ಗುರುತು, ತಾಳ್ಮೆ, ಇವೆಲ್ಲ ಅದಕ್ಕೂ ಬೇಕಾದುವೇ. ನಮ್ಮ ಊರುಗಳಲ್ಲಿ ಅಷ್ಟು ಸಾಧನಗಳಿಲ್ಲದವರಿಗೆ ಒಂದು ಸೂಚನೆಯುಂಟು. ಶಿವರಾತ್ರಿಯ ಜಾಗರಣೆಯಲ್ಲಿ ಶಿವಪುರಾಣದ ಬೇಡನ ಕಥೆಯನ್ನು ಓದುವುದು ರೂಢಿ: ಬಿಲ್ವವೃಕ್ಷದ ಮೇಲೆ ಕುಳಿತವನು ಬಿಲ್ಲೆತ್ತಿದಾಗಲೆಲ್ಲ ನೀರೂ ಎಲೆಯೂ ಕೆಳಗಿನ ಲಿಂಗದ ಮೇಲೆ ಬೀಳುತ್ತವೆ, ಮರಿಗಳನ್ನು ಒಪ್ಪಿಸಿ ಬರುವೆವೆಂದು ಮಾತು ಕೊಟ್ಟು ಹೋದ ಜಿಂಕೆಗಳು ಮಾತಿಗೆ ತಪ್ಪದೆ ಮರಳಿ ಬಂದು ಅವನೆದುರು ನಿಲ್ಲುತ್ತವೆ. ಈ ಓದು ಮುಗಿದ ಮೇಲೆ, ಎರಡನೆಯ ಜಾವದಲ್ಲಿ, ಊರಿನ ಅಡವಿಯನ್ನು ಬಲ್ಲ ಮುದುಕರೊಬ್ಬರನ್ನು ಮಠದ ಅಂಗಳದಲ್ಲಿ ಕೂಡಿಸಿ, ಹುಡುಗರು ಸುತ್ತ ಕುಳಿತುಕೊಳ್ಳಲಿ. ಕಡವೆಯ ಹೆಜ್ಜೆ ಯಾವುದು, ಹಂದಿಯ ಹೆಜ್ಜೆ ಯಾವುದು ಎಂಬುದನ್ನು ಅವರು ನೆಲದ ಮೇಲೆ ಬೂದಿ ಹರಡಿ ಬೆರಳಿನಿಂದ ಬರೆದು ತೋರಿಸಲಿ. ಹುಡುಗರಿಗೆ ನಿದ್ರೆ ಬರುವ ಸಂಭವವೇ ಇಲ್ಲ.