ನುಂಗಿದ ಮಾತು

ಬೆಳಗಾವಿಯ ಶಹಾಪುರದ ಹಳೆಯ ಸೀರೆ ಅಂಗಡಿಗಳಲ್ಲಿ ಗಾದಿಯ ಮೇಲೆ ಕುಳಿತ ವ್ಯಾಪಾರಿ ಗಿರಾಕಿಯ ಬಾಯಿಗಿಂತ ಕೈಯನ್ನು ಹೆಚ್ಚು ನಂಬುತ್ತಾನೆ. ಖಾನಾಪುರದ ಕಡೆಯಿಂದ ಬೆಳಗಿನ ಬಸ್ಸಿಗೆ ಮದುವೆಯ ಜವಳಿಗೆಂದು ಬಂದ ಕುಟುಂಬದಲ್ಲಿ ದುಡ್ಡು ಯಾರ ಕೈಯಲ್ಲಿದೆ, ಮಾತು ಯಾರದು ನಡೆಯುತ್ತದೆ ಎಂಬುದು ಅವನಿಗೆ ಚಹಾ ಬರುವುದರೊಳಗೆ ಗೊತ್ತಾಗಿರುತ್ತದೆ. ಒಂದು ಸೆರಗನ್ನು ಎರಡು ಸಲ ಮುಟ್ಟಿ, ಬೆಲೆ ಕೇಳದೆ ಬದಿಗೆ ಸರಿಸಿದ ತಾಯಿಯನ್ನು ಕಂಡರೆ, ಅದೇ ಬಣ್ಣದ, ಕೊಂಚ ಕಡಿಮೆ ದರದ ಇನ್ನೊಂದು ಸೀರೆಯನ್ನು ಅವಳ ಮುಂದೆ ಬಿಚ್ಚುತ್ತಾನೆ. "ಇದನ್ನೂ ನೋಡ್ರಿ ಅಕ್ಕಾರ, ಇದೂ ಹಂಗ ಐತಿ" ಎನ್ನುತ್ತಾನೆ. ಅವಳ ಮರ್ಯಾದೆಯೂ ಉಳಿಯಿತು, ಅವನ ವ್ಯಾಪಾರವೂ ಆಯಿತು. ಗಿರಾಕಿಯನ್ನು ಹೀಗೆ ಓದುವುದನ್ನು ನಾವು ಯಾರೂ ತಪ್ಪೆಂದಿಲ್ಲ.

ಈಗ ಅದೇ ಸೀರೆ ಅಂತರ್ಜಾಲದಲ್ಲೂ ಮಾರಾಟಕ್ಕಿದೆ. ಅಲ್ಲಿ ಗಾದಿಯಿಲ್ಲ, ಚಹಾ ಇಲ್ಲ, ಗಿರಾಕಿಯ ಮುಖವೂ ಇಲ್ಲ. ಇಂದು ಇಷ್ಟು ಜನ ಬಂದರು, ಇಷ್ಟು ಜನ ಏನನ್ನೂ ಕೊಳ್ಳದೆ ಹೋದರು ಎಂಬ ಲೆಕ್ಕ ಮಾತ್ರ ಸಿಗುತ್ತದೆ. ಏಕೆ ಹೋದರು? ಈ ಪ್ರಶ್ನೆಗೆ ಉತ್ತರ ಕೊಡುತ್ತೇವೆ ಎನ್ನುವ ತಂತ್ರಾಂಶಗಳು ಬಂದಿವೆ. ಸೆಷನ್ ರಿಪ್ಲೇ ಎಂದು ಅವುಗಳ ಹೆಸರು. ಪುಟ ತೆರೆದವರ ಬೆರಳು ಎಲ್ಲಿ ಒತ್ತಿತು, ಎಲ್ಲಿ ತಡೆಯಿತು, ಯಾವ ಖಾನೆಯನ್ನು ತುಂಬದೆ ಬಿಟ್ಟಿತು ಎಂಬುದನ್ನೆಲ್ಲ ಗುರುತು ಹಾಕಿಕೊಂಡು, ಆಮೇಲೆ ಅಂಗಡಿಯವನಿಗೆ ಸಿನಿಮಾದಂತೆ ತೋರಿಸುತ್ತವೆ. ಹಾಗೆಂದು ಯಾರೂ ಕ್ಯಾಮೆರಾ ಇಟ್ಟಿರುವುದಿಲ್ಲ. ಪುಟದಲ್ಲಾದ ಒಂದೊಂದು ಬದಲಾವಣೆಯನ್ನೂ ಹೊತ್ತಿನ ಸಮೇತ ಬರೆದಿಟ್ಟುಕೊಂಡು, ಅದರಿಂದ ಆ ಪುಟವನ್ನು ಮತ್ತೆ ಕಟ್ಟಿ ಆಡಿಸುವ ವಿದ್ಯೆ ಇದು.

ನೇಕಾರರಿಂದ ಸೀರೆ ಕೊಂಡು ಹೀಗೆ ಮಾರುವ ಪರಿಚಯದ ಹುಡುಗನೊಬ್ಬ ಇಂಥ ನಾಲ್ಕು ತಂತ್ರಾಂಶಗಳನ್ನು ಹೋಲಿಸಿ ಪಟ್ಟಿ ಮಾಡಿಕೊಂಡು ಬಂದಿದ್ದ. ಮೈಕ್ರೋಸಾಫ್ಟ್‌ನವರ ಕ್ಲ್ಯಾರಿಟಿ 2020ರಿಂದ ಎಲ್ಲರಿಗೂ ಪುಕ್ಕಟೆ. ಹಾಟ್‌ಜಾರ್ 2014ರಲ್ಲಿ ಮಾಲ್ಟಾದಲ್ಲಿ ಹುಟ್ಟಿದ್ದು. ಜನ ಹೆಚ್ಚು ಒತ್ತುವ ಜಾಗವನ್ನು ಕೆಂಪಗೆ ತೋರಿಸುವ ನಕ್ಷೆಗೆ ಹೆಸರಾಗಿ, 2021ರಲ್ಲಿ ಕಂಟೆಂಟ್‌ಸ್ಕ್ವೇರ್ ಎಂಬ ಕಂಪನಿಯ ಕೈಸೇರಿತು. ಫುಲ್‌ಸ್ಟೋರಿ ದೊಡ್ಡ ಕುಳಗಳಿಗೆ ಹೇಳಿಸಿದ್ದು. ಓಪನ್‌ರಿಪ್ಲೇಯನ್ನು ನಮ್ಮದೇ ಸರ್ವರಿನಲ್ಲಿ ಇಟ್ಟುಕೊಳ್ಳಬಹುದು. ಮಾಹಿತಿ ಮೂರನೆಯವರ ಕೈಗೆ ಹೋಗುವುದಿಲ್ಲ. "ಯಾವುದು ಹೆಚ್ಚು ತೋರಿಸ್ತೈತಿ, ಅದನ್ನ ಹಾಕೋಣಂತ ಮಾಡೀನ್ರಿ" ಎಂದ. ವ್ಯಾಪಾರಿಯ ಮಾತಾಗಿ ಅದು ಸರಿಯೇ. ಆದರೆ ಆ ಪಟ್ಟಿಯಲ್ಲಿ ಮೊದಲನೆಯ ಸಾಲೇ ಬಿಟ್ಟುಹೋಗಿದೆ ಎಂದು ನನಗೆ ಅನ್ನಿಸಿತು. ಯಾವುದು ಹೆಚ್ಚು ತೋರಿಸುತ್ತದೆ ಎಂದು ಕೇಳುವ ಮುನ್ನ, ಯಾವುದು ಏನನ್ನು ನೋಡದೆ ಬಿಡುತ್ತದೆ ಎಂದು ಕೇಳಬೇಕಲ್ಲವೆ?

2017ರ ನವೆಂಬರಿನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರವಿಂದ ನಾರಾಯಣನ್ ಮತ್ತು ಅವರ ಸಂಗಡಿಗರು ಈ ವಿದ್ಯೆಯ ಬಗ್ಗೆ ಒಂದು ಅಧ್ಯಯನವನ್ನು ಹೊರತಂದರು. ಜನ ಅತಿ ಹೆಚ್ಚು ಭೇಟಿ ಕೊಡುವ 50,000 ಜಾಲತಾಣಗಳನ್ನು ಶೋಧಿಸಿದಾಗ 482ರಲ್ಲಿ ಇಂಥ ತಂತ್ರಾಂಶ ಸಿಕ್ಕಿತು. ಒಂದು ಔಷಧದಂಗಡಿಯ ತಾಣದಲ್ಲಂತೂ ಗಿರಾಕಿಯ ಹೆಸರು, ಅವರ ಕಾಯಿಲೆ, ಔಷಧಿ ಎಲ್ಲವೂ ಮೂರನೆಯ ಕಂಪನಿಗೆ ಹರಿದುಹೋಗುತ್ತಿದ್ದವು. ಅದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಇನ್ನೂ ಸಣ್ಣದು. ಖಾನೆಯಲ್ಲಿ ಬರೆದದ್ದನ್ನು ನಾವು 'ಕಳಿಸು' ಎಂದು ಒತ್ತುವ ಮೊದಲೇ ತಂತ್ರಾಂಶ ಎತ್ತಿಕೊಂಡುಬಿಡಬಲ್ಲದು. ಅಂದರೆ ಬರೆದು, ಮನಸ್ಸು ಬದಲಿಸಿ, ಅಳಿಸಿಹಾಕಿದ ಮಾತೂ ಅಲ್ಲಿ ಉಳಿದಿರುತ್ತದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನಮ್ಮಲ್ಲಿದೆ. ಆಡಿದ ಮಾತಿನ ಮೇಲೆ ನಮಗೆ ಹಿಡಿತವಿಲ್ಲ ಎಂದು ಅದರ ಅರ್ಥ. ಆಡದ ಮಾತು ನಮ್ಮದೇ ಎಂಬ ಭರವಸೆಯೂ ಅದರೊಳಗೇ ಅಡಗಿದೆ. "ಅರ್ಧ ಹಣ ಮುಂದಿನ ತಿಂಗಳು ಕೊಟ್ಟರೆ ನಡೆಯುತ್ತದೆಯೇ?" ಎಂದು ಒಬ್ಬ ಹೆಣ್ಣುಮಗಳು ಬರೆಯುತ್ತಾಳೆ. ಬೇಡ, ನಮ್ಮ ಬಡತನ ಇವರಿಗೇಕೆ ಎಂದು ಅಳಿಸುತ್ತಾಳೆ. ಆ ಅಳಿಸುವಿಕೆಯಲ್ಲೇ ಅವಳ ಸ್ವಾಭಿಮಾನವಿದೆ. ಅದನ್ನು ಹಿಂದೆ ಕುಳಿತು ಓದಿದವನು ಅವಳ ಗಂಟಲಿಗೆ ಕೈಹಾಕಿ ನುಂಗಿದ ಮಾತನ್ನು ಹೊರಗೆಳೆದಂತೆ. ಗಾದಿಯ ಮೇಲಿನ ವ್ಯಾಪಾರಿಯೂ ಅವಳ ಬಡತನವನ್ನು ಓದಿದ್ದನಲ್ಲ ಎನ್ನಬಹುದು. ಹೌದು, ಓದಿದ್ದ. ಆದರೆ ಅವನ ಕಣ್ಣು ತನ್ನ ಮೇಲಿದೆ ಎಂದು ಅವಳಿಗೆ ಗೊತ್ತಿತ್ತು. ಬೇಕೆಂದರೆ ಕೈ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು, ಅವನ ಮುಖವನ್ನು ಅವಳೂ ಓದಬಹುದಿತ್ತು. ಅಲ್ಲಿ ನೋಟ ಎರಡೂ ಕಡೆಯಿಂದ ಹರಿಯುತ್ತಿತ್ತು.

ಇನ್ನು, ಕಂಡದ್ದೆಲ್ಲ ತಿಳಿದದ್ದಾಗುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಒಂದೇ ಜಾಗವನ್ನು ಟಪಟಪನೆ ಹತ್ತು ಸಲ ಒತ್ತಿದರೆ ಈ ತಂತ್ರಾಂಶಗಳು ಅದಕ್ಕೆ ರೇಜ್ ಕ್ಲಿಕ್, ಅಂದರೆ ಸಿಟ್ಟಿನ ಒತ್ತು ಎಂದು ಹೆಸರಿಡುತ್ತವೆ. ಖಾನಾಪುರ ತಾಲೂಕಿನ ಕಾಡಂಚಿನಲ್ಲಿ, ಜಾಂಬೋಟಿ ದಾಟಿ ಕಣಕುಂಬಿಯ ಕಡೆಗೆ, ಜಡಿಮಳೆಯಲ್ಲಿ ಸಿಗ್ನಲ್ ಬಂದು ಹೋಗುವ ಊರಿನಲ್ಲಿ ಕುಳಿತವನ ಹತ್ತು ಒತ್ತು ಸಿಟ್ಟೇ ಆಗಿರಬೇಕೆಂದಿಲ್ಲ. ಹ್ಯಾಂಡ್‌ಪಂಪ್ ಜಗ್ಗಿದರೆ ನೀರು ಬಂದೀತೆಂಬ ಆಸೆಯೂ ಇರಬಹುದು. ಹಾಗೆಯೇ, ಬೆರಳು ಎರಡು ನಿಮಿಷ ಸುಮ್ಮನಿದ್ದರೆ ಗಿರಾಕಿ ಗೊಂದಲದಲ್ಲಿದ್ದಾನೆ ಎಂದು ಮೇಜಿನ ಮುಂದೆ ಕುಳಿತವನು ತೀರ್ಮಾನಿಸುತ್ತಾನೆ. ಅಲ್ಲಿ ನಿಜವಾಗಿ ತಾಯಿ ಸೀರೆ ಆರಿಸುತ್ತಿರಬಹುದು, ಮಗ ಒತ್ತುತ್ತಿರಬಹುದು, ಇಬ್ಬರ ನಡುವೆ ಬಣ್ಣದ ಮೇಲೆ ಮರಾಠಿಯಲ್ಲೋ ಕನ್ನಡದಲ್ಲೋ ಜಗಳ ನಡೆದಿರಬಹುದು. ಬೆರಳು ಒಂದು, ಮನಸ್ಸು ಎರಡು. ತಂತ್ರಾಂಶಕ್ಕೆ ಕಾಣುವುದು ಬೆರಳು ಮಾತ್ರ.

ಇದೆಲ್ಲ ಗಿರಾಕಿಯ ಒಳ್ಳೆಯದಕ್ಕೇ ಅಲ್ಲವೆ ಎಂಬ ವಾದವಿದೆ. ಅದು ಪೊಳ್ಳು ವಾದವಲ್ಲ. ಪಿನ್‌ಕೋಡಿನ ಖಾನೆ ಕೆಟ್ಟು ನಿಂತದ್ದು, ಚಿಕ್ಕ ಪರದೆಯಲ್ಲಿ ಗುಂಡಿ ಕಾಣದೆ ಹೋದದ್ದು ಹೀಗೆ ನೋಡಿದಾಗಲೇ ಗೊತ್ತಾಗುತ್ತದೆ. ಸರಿಪಡಿಸಿದರೆ ನೂರಾರು ಜನರ ಗೋಳು ತಪ್ಪುತ್ತದೆ. ಕಾಡಿನಲ್ಲಿ ಹುಲಿ ಎಣಿಸಲು ಮರಕ್ಕೆ ಕ್ಯಾಮೆರಾ ಕಟ್ಟುವುದೂ ಹುಲಿಯ ಒಳ್ಳೆಯದಕ್ಕೇ. ಇದೇ ಖಾನಾಪುರ ತಾಲೂಕಿನ ಭೀಮಗಡ 2011ರಲ್ಲಿ ಅಭಯಾರಣ್ಯವಾದದ್ದೂ ಕಾಡುಜೀವಗಳ ಹಿತಕ್ಕಾಗಿ. ಆದರೆ ಹುಲಿಯನ್ನು ಕೇಳಿ ಒಪ್ಪಿಗೆ ಪಡೆಯಲಾಗದು, ಮನುಷ್ಯನನ್ನು ಕೇಳಬಹುದು. ಕಾರ್ಬೆಟ್ ಅರಣ್ಯದ ಬಗ್ಗೆ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸೌದೆಗೆ ಹೋಗುವಾಗ ಹಾಡುತ್ತ, ಗಟ್ಟಿಯಾಗಿ ಮಾತಾಡುತ್ತಿದ್ದ ಹೆಂಗಸರು ಕ್ಯಾಮೆರಾ ಬಂದ ಮೇಲೆ ದನಿ ತಗ್ಗಿಸಿದ್ದನ್ನು ದಾಖಲಿಸಿದೆ. ಹುಲಿಗೆಂದು ಇಟ್ಟ ಕಣ್ಣು ಅವರ ಹಾಡನ್ನು ನಿಲ್ಲಿಸಿತು.

ಇಲ್ಲೊಂದು ಕಗ್ಗಂಟಿದೆ. ನೋಡುತ್ತಿದ್ದೇವೆ ಎಂದು ಹೇಳಿದರೆ ಜನ ಸಹಜವಾಗಿ ನಡೆದುಕೊಳ್ಳುವುದಿಲ್ಲ. ಹೇಳದಿದ್ದರೆ ಅದು ಕದ್ದು ನೋಡಿದ ಹಾಗೆ. ಈ ಎರಡರಲ್ಲಿ ವ್ಯಾಪಾರಿ ಯಾವ ನಷ್ಟವನ್ನು ಹೊರಬೇಕು? ಮೊದಲನೆಯದನ್ನೇ ಎಂದು ನನ್ನ ಎಣಿಕೆ. ತನ್ನ ಅಂಗಡಿಗೆ ಬಂದವರು ಸ್ವಲ್ಪ ಬಿಗುವಾಗಿ ನಡೆದುಕೊಂಡಾರು, ಕೆಲವರು ಬಾಗಿಲಿನಿಂದಲೇ ಹಿಂದಿರುಗಿಯಾರು. ಅದು ಹಣದ ನಷ್ಟ. ಇನ್ನೊಂದು ನಂಬಿಕೆಯ ನಷ್ಟ, ಮತ್ತು ಅದು ಗಿರಾಕಿಗೆ ಗೊತ್ತಿಲ್ಲದೆಯೇ ಆಗುವ ನಷ್ಟ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಕ್ಕೊರಲಿನಿಂದ ತೀರ್ಪಿತ್ತರು. 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಕಾಯ್ದೆಯೂ ಬಂತು. ಆದರೂ ಕಾಯ್ದೆಯ ಕಣ್ಣು ಪ್ರತಿ ಅಂಗಡಿಯ ಒಳಕೋಣೆಯನ್ನು ತಲುಪಲಾರದು. ಅಲ್ಲಿ ಉಳಿಯುವುದು ಅಂಗಡಿಯವನ ಮನಸ್ಸಾಕ್ಷಿ ಮಾತ್ರ.

ಆ ಮನಸ್ಸಾಕ್ಷಿಗೆ ಬೇಕಾದ ಉಪಕರಣವೂ ಈ ತಂತ್ರಾಂಶಗಳಲ್ಲೇ ಇದೆ. ಕ್ಲ್ಯಾರಿಟಿಯಲ್ಲಿ ಮರೆಮಾಡುವುದಕ್ಕೆ ಮೂರು ಹಂತಗಳಿವೆ. ಪುಟದ ಅಕ್ಷರಗಳನ್ನೆಲ್ಲ ಮುಚ್ಚುವ ಕಟ್ಟುನಿಟ್ಟಿನ ಹಂತವನ್ನು ಆರಿಸಿಕೊಂಡರೆ ಬೆರಳಿನ ಜಾಡು ಮಾತ್ರ ಉಳಿಯುತ್ತದೆ. ಕೆಟ್ಟ ಗುಂಡಿಯನ್ನು ಹುಡುಕಲು ಅಷ್ಟು ಸಾಕು. ನೋಡುತ್ತಿದ್ದೇವೆ ಎಂಬುದನ್ನು ಮೊದಲ ಪುಟದಲ್ಲೇ ಕನ್ನಡದಲ್ಲೂ ಮರಾಠಿಯಲ್ಲೂ, ವಕೀಲರ ಭಾಷೆಯಲ್ಲದೆ ಮನೆಮಾತಿನಲ್ಲಿ ಹೇಳಬಹುದು. ಬೇಡ ಎಂದವರಿಗೂ ಸೀರೆ ಮಾರಬಹುದು. ಏಕೆ ಕೊಳ್ಳದೆ ಹೋದಿರಿ ಎಂದು ನಾಲ್ಕು ಜನರನ್ನು ಬಾಯಿಬಿಟ್ಟು ಕೇಳಲೂಬಹುದು. ಅವರು ಹೇಳಿದಷ್ಟು ನಮಗೆ ಸೇರಿದ್ದು. ಹೇಳದೆ ನುಂಗಿದ್ದು ಅವರಿಗೇ ಇರಲಿ.