ನಮ್ಮ ಸಂತೋಷವೂ ನೆರೆಯವನ ಕಿವಿಯೂ

ಏಪ್ರಿಲ್ ಮೇ ತಿಂಗಳುಗಳಲ್ಲಿ ಶಾಲೆಗಳಿಗೆ ರಜೆಯಾಗಿ, ಮಳೆಗಾಲವು ಇನ್ನೂ ಆರಂಭವಾಗದಿರುವಾಗ, ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ಬೇಂಡು ಬಾರಿಸುವ ಯೌವನಸ್ಥರಿಗೆ ಒಂದು ಆಶೆ ಹುಟ್ಟುವದು ಸಹಜವೇ. ಅದೇನಂದರೆ, ಒಂದು ದಿನ ಕಹಳೆ, ಕ್ಲಾರಿನೆಟ್, ಡ್ರಮ್ಮುಗಳನ್ನು ಹೊತ್ತುಕೊಂಡು ಯಾವದಾದರೊಂದು ಕೆರೆಯ ಬದಿಗೆ ಹೋಗಿ, ಮರದ ನೆರಳಿನಲ್ಲಿ ಒಟ್ಟಾಗಿ ಉಂಡು, ಸಾಯಂಕಾಲ ಬಾರಿಸಿ ಹಿಂತಿರುಗಬೇಕೆಂಬದು. ಹಿರಿಯರಲ್ಲಿ ಕೆಲವರು, ಮದುವೆಗೂ ಹಬ್ಬಕ್ಕೂ ಶವಸಂಸ್ಕಾರಕ್ಕೂ ಇರುವ ವಾದ್ಯವನ್ನು ಬರೀ ವಿನೋದಕ್ಕಾಗಿ ಒಯ್ಯುವದು ತಕ್ಕದ್ದೋ ಎಂದು ಕೇಳುವರು. ಯೌವನಸ್ಥರೋ, ಸಂತೋಷಕ್ಕೆ ಕಾರಣ ಹೇಳಬೇಕೋ ಎಂದು ಮರುಪ್ರಶ್ನೆ ಮಾಡುವರು. ಇವರಿಬ್ಬರ ಮಾತನ್ನೂ ನಾವು ಸ್ವಲ್ಪ ತೂಗಿ ನೋಡೋಣ.

ಮೊದಲನೆಯದಾಗಿ, ಬೇಂಡನ್ನು ಗೋಡೆಗಳ ಹೊರಗೆ ಒಯ್ಯುವದು ಹೊಸ ಸಂಗತಿಯಲ್ಲ. 1878ರಲ್ಲಿ ಇಂಗ್ಲೆಂಡಿನ ಸಾಲ್ಸ್‌ಬರಿ ಪಟ್ಟಣದಲ್ಲಿ ಚಾರ್ಲ್ಸ್ ಫ್ರೈ ಎಂಬ ಕಟ್ಟಡದ ಗುತ್ತಿಗೆದಾರನೂ ಅವನ ಮೂವರು ಮಕ್ಕಳೂ ರಕ್ಷಣಾ ಸೈನ್ಯದ ಕೂಟಗಳಲ್ಲಿ ಬೀದಿಯಲ್ಲಿ ನಿಂತು ಹಿತ್ತಾಳೆಯ ವಾದ್ಯಗಳನ್ನು ಊದಿದರು. ಆ ಸೈನ್ಯದ ಬೇಂಡುಗಳು ಅಲ್ಲಿಂದಲೇ ಆರಂಭವಾದವು. ಜರ್ಮನಿಯ ಸಭೆಗಳಲ್ಲಿಯೂ ಹಿತ್ತಾಳೆಯ ವಾದ್ಯಗಳ ಮೇಳಗಳು ಬಯಲಿನಲ್ಲಿ ಬಾರಿಸುವ ರೂಢಿಯುಂಟು. ಇದಲ್ಲದೆ, ವರುಷವೆಲ್ಲಾ ಇತರರ ಮದುವೆಯಲ್ಲಿಯೂ ಇತರರ ದುಃಖದಲ್ಲಿಯೂ ಊದಿದವನು ಒಂದು ದಿನ ತನ್ನ ಜೊತೆಯವರ ಸಂಗಡ ಸುಮ್ಮನೆ ಬಾರಿಸಿ ಹರ್ಷಿಸುವದರಲ್ಲಿ ತಪ್ಪೇನು? ಆದಕಾರಣ ಸಂತೋಷಕ್ಕೆ ಬೇರೆ ಪ್ರಯೋಜನವಿರಲೇಬೇಕೆಂದು ಹಿರಿಯರು ಒತ್ತಾಯಮಾಡಬೇಕಾಗಿಲ್ಲ. ಆದರೆ ಕಾರಣ ಕೇಳಬಾರದೆಂಬವರು ಇನ್ನೊಂದು ಪ್ರಶ್ನೆಗೆ ಉತ್ತರಕೊಡಬೇಕು: ಈ ಸಂತೋಷದ ಬೆಲೆಯನ್ನು ತೆರುವವರು ಯಾರು?

ನೀರನ್ನೇ ನೋಡಿರಿ. ನಮ್ಮ ಸೀಮೆಯಲ್ಲಿ ಮಳೆ ಧಾರಾಳವಾಗಿ ಸುರಿದರೂ, ಇಳಿಜಾರಾದ ಮುರಕಲ್ಲಿನ ನೆಲದಲ್ಲಿ ಅದು ಬೇಗನೆ ಹರಿದು ಸಮುದ್ರ ಸೇರುವದು. ಆದದರಿಂದಲೇ ನಮ್ಮ ಹಿರಿಯರು ಗುಡ್ಡದ ಮೇಲೆ ಮದಕಗಳನ್ನು ತೋಡಿದರು, ತೋಡುಗಳಿಗೆ ಕಟ್ಟ ಕಟ್ಟಿದರು, ಗುಡ್ಡದ ಒಡಲಿಗೆ ಸುರಂಗ ಕೊರೆದರು. ಬೇಸಗೆಯಲ್ಲಿ ಉಳಿದಿರುವ ನೀರು ಯಾರೋ ಒಬ್ಬರ ಅಡಿಕೆ ತೋಟದ ಪ್ರಾಣವಾಗಿರುವದು, ಯಾರದೋ ಬಾವಿಯ ಒರತೆಯಾಗಿರುವದು. ಅದರಲ್ಲಿ ಪಾತ್ರೆ ತೊಳೆದು ಎಂಜಲೆಲೆ ಎಸೆದು ಬರುವದು ಕೆಳಗಿನ ಮನೆಯವರ ಕೊಡಕ್ಕೆ ಕೈಹಾಕಿದ ಹಾಗೆ. ಇನ್ನು ಕೆಲವು ನೀರುಗಳು ನೆರೆಯವರಿಗೆ ಪವಿತ್ರವಾದವುಗಳು. ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದ ಕೆರೆಯಲ್ಲಿ ಮುತ್ತು ಬೆಳೆದದರಿಂದ ಊರಿಗೆ ಆ ಹೆಸರು ಬಂತೆಂಬ ಐತಿಹ್ಯವಿದೆ. ಸುಳ್ಯ ಸೀಮೆಯ ತೊಡಿಕಾನದ ಮತ್ಸ್ಯತೀರ್ಥದಲ್ಲಿ ಜನರು ಮೀನುಗಳನ್ನು ಭಕ್ತಿಯಿಂದ ಕಾಯುತ್ತಾರೆ. ಅಂಥಾ ಸ್ಥಳಗಳನ್ನು ಬಿಟ್ಟು ಬೇರೆ ಕಡೆ ಹುಡುಕುವದು ಅಂಜಿಕೆಯಲ್ಲ, ಮರ್ಯಾದೆ. ಎಲ್ಲಿಗೇ ಹೋದರೂ ನೀರಿನ ಯಜಮಾನನನ್ನು ಮುಂಚಿತವಾಗಿ ಕೇಳುವದು ನ್ಯಾಯ.

ಎರಡನೆಯದು ಶಬ್ದ. ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ನೀರಿನ ಮೇಲಣ ಗಾಳಿಯು ತಣ್ಣಗಿದ್ದು ಅದರ ಮೇಲಿನದು ಬೆಚ್ಚಗಿರುವಾಗ, ಶಬ್ದವು ಮೇಲಕ್ಕೆ ಹೋಗಿ ಕರಗದೆ ಕೆಳಕ್ಕೆ ಬಾಗಿ ಬಹುದೂರ ಸಾಗುವದು. ನಾವು ಈ ದಡದಲ್ಲಿ ಊದಿದ್ದು ಆ ದಡದ ಮನೆಯಲ್ಲಿ ಸ್ಪಷ್ಟವಾಗಿ ಕೇಳುವದು. ಅಲ್ಲಿ ಜ್ವರದಿಂದ ಮಲಗಿದವನಿರಬಹುದು, ಹಸುಗೂಸಿರಬಹುದು, ನಿನ್ನೆ ಸತ್ತವರಿಗಾಗಿ ಅಳುವವರಿರಬಹುದು. ಆ ಮನೆಯವರು ನಮ್ಮ ಕಚೇರಿಗೆ ಬಂದವರಲ್ಲ, ಎದ್ದು ಹೋಗುವದೂ ಅವರಿಂದಾಗದು. ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂದು 2000ನೇ ಇಸವಿಯ ನಿಯಮಗಳು ಹೇಳುತ್ತವೆ. ಆದರೆ ಕಾಯಿದೆ ಬಿಟ್ಟುಕೊಟ್ಟದ್ದನ್ನೆಲ್ಲಾ ಪ್ರೀತಿಯು ಬಿಟ್ಟುಕೊಡುವದಿಲ್ಲ. ಇಬ್ಬರು ಮುಂದಾಗಿ ಹೋಗಿ ಆ ಮನೆಗಳಲ್ಲಿ ವಿಚಾರಿಸಿ, ಕರೆದು ಬಂದರೆ, ಶಬ್ದವೆನ್ನಿಸಬೇಕಾದದ್ದು ಸಂಗೀತವೆನ್ನಿಸುವದು.

ಮೂರನೆಯದು ನಮ್ಮೊಳಗಿನವರ ವಿಷಯ. ಬೇಂಡಿನವರು ಬಾರಿಸುವಾಗ ಹೊಗೆಯಲ್ಲಿ ಕೂತು ಪುಂಡಿ ಬೇಯಿಸುವವರು ಯಾರು? ದೊಡ್ಡ ಡ್ರಮ್ಮನ್ನು ಗುಡ್ಡ ಹತ್ತಿಸುವವರು ಯಾರು? ಬಸ್ಸಿನ ದುಡ್ಡಿಲ್ಲದ್ದರಿಂದ ಬೇರೆ ನೆವ ಹೇಳಿ ಮನೆಯಲ್ಲಿ ಉಳಿಯುವ ಹುಡುಗನು ಯಾರು? ನ್ಯಾಯವಿಲ್ಲದವರ ಹಾಡಿನ ಗದ್ದಲವು ದೇವರಿಗೆ ಬೇಡವೆಂದು ಆಮೋಸನು ಸಾರಿದ್ದನ್ನು ವಾಚಕರು ಬಲ್ಲರು. ಅಡಿಗೆಯನ್ನು ಹಿಂದಿನ ದಿನವೇ ಎಲ್ಲರೂ ಹಂಚಿಕೊಂಡು ಮಾಡಿ ಬುತ್ತಿ ಕಟ್ಟಿದರೆ ಅಕ್ಕಂದಿರಿಗೂ ನೆರಳಿನಲ್ಲಿ ಕೂಡ್ರುವದಕ್ಕೆ ಆಗುವದು. ಖರ್ಚನ್ನು ತಲೆಗೆ ಇಷ್ಟೆಂದು ಕೂಗಿ ಕೇಳದೆ ಡಬ್ಬಿಯಲ್ಲಿ ಗುಟ್ಟಾಗಿ ಕೂಡಿಸಿದರೆ ಬಡವನು ನಾಚಿಕೆಪಡಬೇಕಾಗಿಲ್ಲ.

ಪ್ರಾಣದ ವಿಷಯವೂ ಉಂಟು. ಮೇ ತಿಂಗಳಲ್ಲಿ ಮಧ್ಯಾಹ್ನದ ನಂತರ ಗುಡುಗು ಸಿಡಿಲು ಈ ಸೀಮೆಗೆ ಹೊಸದಲ್ಲ. ಮೊದಲನೆಯ ಗುಡುಗು ಕೇಳಿದ ಕೂಡಲೇ ನೀರನ್ನೂ ಬಯಲನ್ನೂ ಒಂಟಿ ಮರವನ್ನೂ ಬಿಟ್ಟು, ಗಟ್ಟಿಯಾದ ಕಟ್ಟಡವನ್ನು ಸೇರಬೇಕು. ಹಾಡು ಅರ್ಧಕ್ಕೆ ನಿಂತರೆ ನಿಲ್ಲಲಿ. ಆಳ ತಿಳಿಯದ ನೀರಿಗೆ ಯಾರನ್ನೂ ಇಳಿಸಬಾರದು. ಮಕ್ಕಳನ್ನು ನೋಡಿಕೊಳ್ಳುವದಕ್ಕೆ ಊದುವ ಕೆಲಸವಿಲ್ಲದ ಇಬ್ಬರನ್ನು ನೇಮಿಸಬೇಕು.

ಇಷ್ಟೆಲ್ಲಾ ಆಲೋಚಿಸಿದರೆ ಸಂತೋಷವೇ ಸತ್ತುಹೋಗದೋ ಎಂದು ಕೆಲವರು ಹೇಳಾರು. ಹಾಗಲ್ಲ. ಬೇಂಡಿನವರು ತಮ್ಮ ಕಸಬಿನಿಂದಲೇ ಇದನ್ನು ಬಲ್ಲರು. ಶಬ್ದವು ಸೊನ್ನೆ ಡಿಗ್ರಿಯ ಗಾಳಿಯಲ್ಲಿ ಸೆಕೆಂಡಿಗೆ 331 ಮೀಟರ್, 30 ಡಿಗ್ರಿಯಲ್ಲಿ ಸುಮಾರು 349 ಮೀಟರ್ ಓಡುವದು. ಆದದರಿಂದ ಬಿಸಿಲಿನಲ್ಲಿಟ್ಟ ಕಹಳೆಯ ಸ್ವರ ಏರುವದು, ನೆರಳಿನಲ್ಲಿದ್ದದ್ದು ಏರದು. ಆಗ ಇಬ್ಬರೂ ಚೆನ್ನಾಗಿ ಊದಿದರೂ ಸ್ವರಗಳು ಜಗಳಾಡುವವು. ತಿಳಿದ ನಾಯಕನು ಯಾರನ್ನೂ ಬೈಯದೆ ಎಲ್ಲರನ್ನೂ ಒಂದೇ ನೆರಳಿಗೆ ಕರೆದು ಶ್ರುತಿ ಕೂಡಿಸುವನು. ಅದಕ್ಕೆ ಹಿಡಿಯುವ ಕಾಲು ಗಂಟೆಯು ಸಂಗೀತಕ್ಕೆ ನಷ್ಟವೆಂದು ಯಾರೂ ಹೇಳರು. ನೆರೆಯವನನ್ನು ಕೇಳುವದೂ ಬಡವನನ್ನು ನೆನಸುವದೂ ಮೋಡವನ್ನು ನೋಡುವದೂ ಅಂಥಾ ಶ್ರುತಿಯೇ. ಅದನ್ನು ಮುಂಚಿತವಾಗಿ ಮಾಡಿದವನಿಗೆ ಬಾರಿಸುವಾಗ ಚಿಂತೆಯಿರುವದಿಲ್ಲ.

ಹೀಗಿರಲಾಗಿ ಹಿರಿಯರು ಯೌವನಸ್ಥರನ್ನು ತಡೆಯದಿರಲಿ, ಯೌವನಸ್ಥರು ಹಿರಿಯರನ್ನು ಬಿಟ್ಟು ಹೋಗದಿರಲಿ. ಬರುವ ಬೇಸಗೆಯ ಪ್ರಯಾಣಕ್ಕೆ ದಿನ ಗೊತ್ತುಮಾಡುವದಕ್ಕಿಂತ ಮೊದಲು, ಆಚೆ ದಡದ ಮನೆಗೆ ಇಬ್ಬರು ಹೋಗಿ ಬರಲಿ.